ಮೈಕಿನಿಂದ ಎರಡು ಹೆಜ್ಜೆ

ಬೇಡದ ಸದ್ದು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ನಡೆದದ್ದಕ್ಕೆಲ್ಲ ಬೇರು ಅದೇ. ಊಟಕ್ಕೆ ಕೂತಾಗ ಪಕ್ಕದವರು ಚಪ್ಪರಿಸಿದರೆ ತಟ್ಟೆ ಬಿಟ್ಟು ಏಳುವ ಜಾತಿ ನನ್ನದು. ಇಲ್ಲಿ ಗಲ್ಫಿನಲ್ಲಿ, ಅಬು ಹಮೂರಿನ ಇಗರ್ಜಿಯಲ್ಲಿ ಶುಕ್ರವಾರದ ಕೊಂಕಣಿ ಪೂಜೆಗೆ ಸೌಂಡ್ ನೋಡಿಕೊಳ್ಳುವುದು ಹದಿನಾಲ್ಕು ವರ್ಷದಿಂದ ನನ್ನ ಕೆಲಸ. ಹಿಂದಿನ ಬೆಂಚಿನಲ್ಲಿ ಮಗು ಅತ್ತರೆ ತಾಯಂದಿರು ಪಾದ್ರಿಗಳಿಗೆ ಹೆದರುವುದಿಲ್ಲ, ನನಗೆ ಹೆದರುತ್ತಾರೆ. ಹೆಸರು ಯೂಸ್ಟೇಸ್, ವಯಸ್ಸು ಐವತ್ತಮೂರು, ಊರು ಶಿರ್ವ. ಹೊಟ್ಟೆಪಾಡಿಗೆ ಒಂದು ಕಟ್ಟಡ ಕಂಪೆನಿಯಲ್ಲಿ ಕಾಗದಪತ್ರ ನೋಡಿಕೊಳ್ಳುತ್ತೇನೆ.

ನಮ್ಮ ಆಫೀಸಿನ ಡ್ರಾಯಿಂಗ್ ವಿಭಾಗದಲ್ಲಿ ಫಾಂಗ್ ಎಂಬ ಚೀನಾದ ಹೆಂಗಸಿದ್ದಾಳೆ. ಅವಳ ದೇಶದ ಹಳೆಯ ಕವಿತೆಗಳನ್ನು ಬೇರೆ ಬೇರೆ ದೇಶದ ಮಕ್ಕಳಿಂದ, ಅವರವರ ಭಾಷೆಯಲ್ಲಿ ಓದಿಸಿ, ಯಾರು ಬೇಕಾದರೂ ಕೇಳುವಂತೆ ಇಂಟರ್ನೆಟ್ಟಿಗೆ ಹಾಕುವ ಸ್ವಯಂಸೇವಕರ ಗುಂಪೊಂದು ಅವಳದು. ಸಿಂಹಳ ಆಗಿದೆ, ಮಲಯಾಳಂ ಆಗಿದೆ, ಕನ್ನಡ ಮಾತ್ರ ಇಲ್ಲ ಎಂದು ಒಂದು ದಿನ ಊಟದ ಹೊತ್ತಿನಲ್ಲಿ ಹೇಳಿದಳು. ಮಲಯಾಳಂ ಆಗಿದೆ ಎಂದ ಮೇಲೆ ನಾನು ಸುಮ್ಮನಿರುವುದುಂಟೇ? ಅವಳು ಕೊಟ್ಟ ಇಂಗ್ಲಿಷ್ ಅನುವಾದಗಳನ್ನು ನಾನೇ ಕೂತು ಕನ್ನಡಕ್ಕೆ ತಂದೆ. ಒಟ್ಟು ಹನ್ನೆರಡು. ದೋಣಿ, ಹಿಮ, ಗಡಿ ಕಾಯಲು ಹೋದವರು, ಮನೆಯಿಂದ ಬಾರದ ಓಲೆ. ಸಾವಿರ ವರ್ಷದ ಹಿಂದಿನ ಚೀನಾದವರಿಗೂ ಗಲ್ಫಿನವರಿಗೂ ಕಷ್ಟ ಒಂದೇ ಅಂತ ಕಾಣ್ತದೆ ಎಂದು ನನ್ನ ಹೆಂಡತಿ ಬ್ರೆಂಡಾ ನಕ್ಕಳು.

ಫಾಂಗ್ ಒಂದು ಹಾಳೆಯಲ್ಲಿ ನಿಯಮಗಳನ್ನು ಬರೆದು ಕಳಿಸಿದ್ದಳು. ಮಗುವಿನ ಸ್ವರ ಮಾತ್ರ ಇರಬೇಕು, ದೊಡ್ಡವರ ಸ್ವರ ಇರಬಾರದು, ಹಿಂದೆ ಯಾವ ಸದ್ದೂ ಇರಬಾರದು. ಅದನ್ನು ಓದಿ ನನಗೆ ಅವಳ ಮೇಲೆ ಗೌರವ ಹೆಚ್ಚಾಯಿತು.

ಊರಿನವರ ವಾಟ್ಸಾಪ್ ಗುಂಪಿನಲ್ಲಿ ಕೇಳಿದ್ದಕ್ಕೆ ಮೂರು ಮಕ್ಕಳು ಸಿಕ್ಕಿದವು. ಎರಡು ಮಕ್ಕಳು ಎರಡನೇ ವಾರಕ್ಕೇ ನಿಂತವು. ಕಾರಣ ನಾನೇ, ಕಾಲು ಅಲ್ಲಾಡಿಸುವ ಮಕ್ಕಳನ್ನು ಮೈಕಿನ ಮುಂದೆ ಸಹಿಸುವುದು ನನ್ನಿಂದ ಆಗಲಿಲ್ಲ. ಉಳಿದವಳು ಅಸೀಫಾ ಒಬ್ಬಳೇ. ಒಂಬತ್ತು ವರ್ಷ, ಮುಂದಿನ ಎರಡು ಹಲ್ಲು ಸ್ವಲ್ಪ ಹೊರಗೆ, ಕೈ ಬೆನ್ನ ಹಿಂದೆ ಕಟ್ಟಿ ನಿಂತರೆ ಕಂಬದ ಹಾಗೆ ನಿಲ್ಲುತ್ತಿದ್ದಳು. ಅವಳಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಶಾಲೆಯಲ್ಲಿ ಇಂಗ್ಲಿಷ್, ಮನೆಯಲ್ಲಿ ಬ್ಯಾರಿ. ಕನ್ನಡ ಮಾತು ಅಷ್ಟಿಷ್ಟು ಬರುತ್ತಿತ್ತು, ಓದು ಬರುತ್ತಿದ್ದದ್ದು ಅವಳನ್ನು ಕರೆತರುತ್ತಿದ್ದ ಅಪ್ಪನಿಗೆ.

ಜಾಬಿರ್ ಉಳ್ಳಾಲದ ಕಡೆಯವನು. ಮುಐದರಿನಲ್ಲಿ ಮನೆ. ಗ್ರೋಸರಿ ಅಂಗಡಿಗಳಿಗೆ ಫ್ರೋಝನ್ ಕೋಳಿ ಹಾಕುವ ಚಿಲ್ಲರ್ ವ್ಯಾನ್ ಓಡಿಸುತ್ತಿದ್ದ. ಮೂವತ್ತೊಂಬತ್ತು ವರ್ಷ, ದಪ್ಪ ಮೈ, ಮಾತಾಡುವ ಮೊದಲೇ ನಗುವ ಮುಖ. ಸರಕಾರಿ ಶಾಲೆಯಲ್ಲಿ ಕಲಿತವನು. "ಏಳನೇ ಕ್ಲಾಸಿನಲ್ಲಿ ಕನ್ನಡಕ್ಕೆ ತೊಂಬತ್ತೆರಡು ಸರ್" ಎಂದು ನನಗೆ ಕಡಿಮೆಯೆಂದರೂ ನಾಲ್ಕು ಸಲ ಹೇಳಿದ್ದಾನೆ. ನಮ್ಮಿಬ್ಬರಿಗೂ ತುಳು ಬರುತ್ತಿತ್ತು. ಆದರೆ ಮಗುವಿನ ಎದುರು ಕನ್ನಡವೇ ಆಗಬೇಕೆಂದು ನಾನು ಕಟ್ಟುನಿಟ್ಟು ಮಾಡಿದ್ದೆ.

ಶುಕ್ರವಾರ ನನ್ನ ಪೂಜೆ, ಅವನ ಜುಮಾ, ಎರಡೂ ಮುಗಿದು ಸಂಜೆ ನಾಲ್ಕಕ್ಕೆ ಐನ್ ಖಾಲಿದಿನ ನಮ್ಮ ಮನೆಗೆ ಬರುತ್ತಿದ್ದರು. ಮೂರನೇ ಮಹಡಿ, ಲಿಫ್ಟ್ ಇಲ್ಲ. ಒಳಕೋಣೆಯ ಗೋಡೆಗೆಲ್ಲ ಕಂಬಳಿ ತೂಗುಹಾಕಿ, ಕಿಟಕಿಗೆ ಹಾಸಿಗೆ ಒರಗಿಸಿ ನಾನು ಸ್ಟುಡಿಯೋ ಮಾಡಿದ್ದೆ. ರೆಕಾರ್ಡ್ ಮಾಡುವಾಗ ಎಸಿ ಆಫ್. ಎಸಿಯ ಗುಂಯ್‌ಗುಟ್ಟುವಿಕೆ ಮೈಕಿಗೆ ಬರುತ್ತದೆ. ಮೇ ತಿಂಗಳು ಮುಗಿದು ಜೂನ್ ಬಂದಿತ್ತು. ಹತ್ತು ನಿಮಿಷಕ್ಕೆ ಮೂವರೂ ಬೆವೆತು ತೊಪ್ಪೆಯಾಗುತ್ತಿದ್ದೆವು.

ಕೆಲಸದ ಕ್ರಮ ಹೀಗಿತ್ತು. ಮಗುವಿಗೆ ಓದಲು ಬರದ್ದರಿಂದ ಜಾಬಿರ್ ಹಾಳೆ ಹಿಡಿದು ಒಂದು ಸಾಲು ಹೇಳಬೇಕು. ಅವಳು ಅದನ್ನು ಅದೇ ಏರಿಳಿತದಲ್ಲಿ ತಿರುಗಿ ಹೇಳಬೇಕು. ಆಮೇಲೆ ನಾನು ಕಂಪ್ಯೂಟರಿನಲ್ಲಿ ಜಾಬಿರನ ಸಾಲುಗಳನ್ನೆಲ್ಲ ಕತ್ತರಿಸಿ ತೆಗೆದು ಮಗುವಿನ ಸಾಲುಗಳನ್ನು ಮಾತ್ರ ಜೋಡಿಸುತ್ತಿದ್ದೆ. ಅಸೀಫಾಳಿಗೆ ಈ ಕ್ರಮ ಹೊಸದಲ್ಲ, ಮದ್ರಸದಲ್ಲೂ ಉಸ್ತಾದರು ಹೇಳಿದ್ದನ್ನು ಹಾಗೆಯೇ ಹೇಳಿ ಕಲಿತವಳು. ಅಪ್ಪ ಏನೇ ಹೇಳಲಿ, ಅವನ ಬಾಯಿ ಮುಚ್ಚುವ ಮೊದಲೇ ಅವಳ ಬಾಯಿ ತೆರೆದಿರುತ್ತಿತ್ತು.

ಹಿಮದ ಕವಿತೆಯ ದಿನ ಮಾತ್ರ ಅವಳು ನಿಂತುಬಿಟ್ಟಳು. "ಹಿಮ ಅಂದ್ರೆ ಎಂತ ಉಪ್ಪ?" ಎಂದು ಅಪ್ಪನನ್ನು ಕೇಳಿದಳು. ಜಾಬಿರ್ ಹಾಳೆ ಕೆಳಗಿಟ್ಟ. ವ್ಯಾನಿನ ಒಳಗೋಡೆಯಲ್ಲಿ ಬೆಳ್ಳಗೆ ಕಟ್ಟುತ್ತದಲ್ಲ, ತಾನು ಬೆಳಿಗ್ಗೆ ಕೆರೆದು ತೆಗೆಯುತ್ತೇನಲ್ಲ, ಅದು ಆಕಾಶದಿಂದ ಇಡೀ ಊರಿಗೆ ಬಿದ್ದರೆ ಹೇಗಾಗಬಹುದು, ಮಸೀದಿಯ ಮೇಲೆ, ನಿನ್ನ ಸ್ಕೂಲ್ ಬಸ್ಸಿನ ಮೇಲೆ, ಎಂದು ಕೈ ಎತ್ತಿ ತೋರಿಸಿದ. ಅವಳು ಬಾಯಿ ಬಿಟ್ಟು ಕೇಳುತ್ತಿದ್ದಳು. ಎಸಿ ಇಲ್ಲದ ಆ ಕೋಣೆಯಲ್ಲಿ ನನಗೂ ಒಂದು ಗಳಿಗೆ ತಂಪೆನಿಸಿತು. ಆಮೇಲೆ ನಾನು ಅದನ್ನೂ ಕತ್ತರಿಸಿದೆ.

ನನಗೆ ಜಾಬಿರನ ಮೇಲಿದ್ದ ದೂರು ಒಂದೇ. ಅವನ ಉಸಿರು. ಹೆಡ್‌ಫೋನ್ ಹಾಕಿ ಕೂತರೆ ಮಗುವಿನ ಸ್ವರದ ಹಿಂದೆ ಅವನ ಉಸಿರು ಗರಗಸ ಎಳೆದ ಹಾಗೆ ಕೇಳುತ್ತಿತ್ತು. ಗದರಿದೆ. ಎರಡು ಹೆಜ್ಜೆ ಹಿಂದೆ ನಿಲ್ಲಿಸಿದೆ. ಮತ್ತೆ ಬಾಗಿಲ ಹತ್ತಿರ ನಿಲ್ಲಿಸಿದೆ. ಕರವಸ್ತ್ರ ಬಾಯಿಗೆ ಹಿಡಿದುಕೊಳ್ಳಲು ಹೇಳಿದೆ. ಪ್ರತಿ ವಾರ ಅದು ಸ್ವಲ್ಪ ಜೋರಾಗುತ್ತಿತ್ತು. ಅದು ನನಗೆ ಗೊತ್ತಾಗುತ್ತಿತ್ತು, ಯಾಕೆಂದರೆ ಅದನ್ನು ಅಳಿಸಲು ಪ್ರತಿ ವಾರ ಸಾಫ್ಟ್‌ವೇರಿನಲ್ಲಿ ನಾನು ಹೆಚ್ಚು ಹೆಚ್ಚು ಒದ್ದಾಡಬೇಕಾಗುತ್ತಿತ್ತು. ಕೆಲಸ ಮುಗಿದ ಮೇಲೆ ಮೂಲ ಫೈಲುಗಳನ್ನೆಲ್ಲ ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿ, ಖಲಾಸ್ ಎಂದು ಏಳುವುದು ನನ್ನ ಅಭ್ಯಾಸ. ಹನ್ನೆರಡು ಕವಿತೆ ಜೂನ್ ಕೊನೆಗೆ ಮುಗಿದವು. ಫಾಂಗ್ ಕೇಳಿ, ಇಷ್ಟು ಶುದ್ಧವಾದ ರೆಕಾರ್ಡಿಂಗ್ ಬೇರೆ ಯಾವ ಭಾಷೆಯಲ್ಲೂ ಇಲ್ಲವೆಂದಳು. ನಾನು ಎರಡು ದಿನ ಬೀಗುತ್ತಾ ತಿರುಗಿದೆ.

ಜುಲೈ ಎರಡನೇ ವಾರ, ಮಂಗಳವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಜಾಬಿರ್ ತೀರಿಕೊಂಡ. ಒಂದು ಗ್ರೋಸರಿಯ ಹಿಂಬದಿ, ಕೋಳಿಯ ಪೆಟ್ಟಿಗೆ ಇಳಿಸಿ, ವ್ಯಾನ್ ಹತ್ತಿ ಕೂತವನು ಹಾಗೇ ಸ್ಟೇರಿಂಗಿಗೆ ತಲೆಯಿಟ್ಟಿದ್ದನಂತೆ. ಹೃದಯ. ಮರುದಿನವೇ ಅಬು ಹಮೂರಿನ ದಫನಭೂಮಿಯಲ್ಲಿ ಮಣ್ಣು ಮಾಡಿದರು. ನಾನು ಆಫೀಸಿನಿಂದ ಅರ್ಧ ದಿನ ರಜೆ ಹಾಕಿ ಹೋಗಿ, ಜನರ ಹಿಂದೆ ನಿಂತು ಬಂದೆ.

ಬ್ರೆಂಡಾ ಅವರ ಮನೆಗೆ ಹೋಗಿ ಬಂದಳು. ಜಾಬಿರನ ಹೆಂಡತಿ ಫಾಹಿಮಾ ವಿಧವೆಯರು ಮನೆಯೊಳಗೇ ಕೂರುವ ಇದ್ದತ್‌ನಲ್ಲಿದ್ದಳು, ಹೊರಗಿನ ಗಂಡಸರ ಎದುರು ಬರುವ ಹಾಗಿಲ್ಲ, ಹಾಗಾಗಿ ನನಗೆ ಎಲ್ಲ ಸುದ್ದಿ ಬ್ರೆಂಡಾಳ ಮೂಲಕವೇ. ಬಂದವಳು ಚಪ್ಪಲಿ ಬಿಡದೆ ಕುರ್ಚಿಯಲ್ಲಿ ಕೂತಳು.

"ಡಾಕ್ಟರ್ ಕೇಳಿದ್ರಂತೆ, ಇವರಿಗೆ ತಿಂಗಳುಗಟ್ಟಲೆ ಉಸಿರು ಕಟ್ತಾ ಇದ್ದಿರಬೇಕು, ಮನೆಯವರು ಯಾರೂ ಗಮನಿಸ್ಲಿಲ್ವಾ ಅಂತ. ಪಾಪ ಅವಳಿಗೆ ಅದೇ ಕೊರಗು. ‘ಮನೆಯಲ್ಲಿ ಇಡೀ ದಿನ ಎಸಿ ಶಬ್ದ, ಟಿವಿ ಶಬ್ದ, ಬ್ರೆಂಡಕ್ಕ, ನನಗೆ ಕೇಳಿಸಲೇ ಇಲ್ಲ’ ಅಂತ ಹೇಳಿ ಹೇಳಿ ತಲೆ ಬಡ್ಕೊಳ್ತಾಳೆ."

ಆ ಮನುಷ್ಯ ಸದ್ದಿಲ್ಲದ ಕೋಣೆಯಲ್ಲಿ ನಿಂತದ್ದು ಒಂದೇ ಕಡೆ, ನನ್ನ ಮನೆಯಲ್ಲಿ. ಅವನ ಉಸಿರನ್ನು ಏಳು ವಾರ ಕಿವಿಗೆ ಹಚ್ಚಿ ಕೇಳಿದವನು ನಾನೊಬ್ಬನೇ. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ನಿಂತೆ.

"ಇನ್ನೊಂದು ವಿಷಯ ಉಂಟು," ಎಂದಳು ಬ್ರೆಂಡಾ ಬಾಗಿಲ ಹೊರಗಿನಿಂದ. "ಆ ಮಗು ಅಳುವುದೇ ಇಲ್ಲ. ಯೂಸ್ಟೇಸ್ ಅಂಕಲ್ ಹತ್ರ ಉಪ್ಪನ ಸ್ವರ ಉಂಟು, ಅದು ಬೇಕು, ಇಷ್ಟೇ ಹೇಳುವುದು. ಊಟಕ್ಕೆ ಕರೆದರೂ ಅದೇ. ಅವರ ಫೋನಿನಲ್ಲಿ ಅವನ ಸ್ವರ ಇರುವುದು ಎರಡೇ ಮೆಸೇಜು. ಒಂದರಲ್ಲಿ ‘ಕೆಳಗೆ ಬಾ’, ಇನ್ನೊಂದರಲ್ಲಿ ‘ಕುಬ್ಬೂಸ್ ರೊಟ್ಟಿ ಎಷ್ಟು ತರ್ಲಿ’. ವಿಡಿಯೋ ಎಲ್ಲ ಅವನೇ ತೆಗೆದದ್ದು, ಅದರಲ್ಲಿ ಅವನ ಮುಖವೂ ಇಲ್ಲ, ಸ್ವರವೂ ಇಲ್ಲ. ಬರುವ ಗುರುವಾರ ಅವರು ಊರಿಗೆ ಹೊರಡ್ತಾರೆ. ಇನ್ನು ಇಲ್ಲಿ ಇರ್ಲಿಕ್ಕೆ ಅವರಿಗೆ ವೀಸಾ ಇಲ್ವಲ್ಲ. ಅಷ್ಟರೊಳಗೆ ನೀವು ಅದನ್ನು ಕೊಡ್ಬೇಕಂತೆ."

"ಕೊಡುವಾ," ಎಂದೆ.

ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ. ಅದನ್ನು ಹೇಳುವ ಧೈರ್ಯವೂ ಇರಲಿಲ್ಲ. ಹನ್ನೆರಡು ಕವಿತೆ, ನೂರಕ್ಕೂ ಹೆಚ್ಚು ಸಾಲು, ಪ್ರತಿಯೊಂದನ್ನೂ ಜಾಬಿರ್ ಮೂರು ಮೂರು ಸಲ ಹೇಳಿದ್ದ. ಎಲ್ಲವನ್ನೂ ನಾನು ಈ ಕೈಯಿಂದಲೇ ಕತ್ತರಿಸಿ ಎಸೆದಿದ್ದೆ. ಲ್ಯಾಪ್‌ಟಾಪನ್ನು ಕಂಪ್ಯೂಟರ್ ರಿಪೇರಿಯ ಫವಾಝ್ ಎಂಬವನ ಹತ್ತಿರ ತೆಗೆದುಕೊಂಡು ಹೋದೆ. ಅಳಿಸಿದ್ದನ್ನು ತಿರುಗಿ ತರಲು ಅವನು ಎರಡು ದಿನ ತಿಣುಕಿದ. ಕೊನೆಗೆ ಏನೂ ಉಳಿದಿಲ್ಲವೆಂದು ಕೈ ಅಲ್ಲಾಡಿಸಿ "ಮಾಫಿ, ಬಾಸ್" ಎಂದ. "ಇಷ್ಟು ಕ್ಲೀನಾಗಿ ಯಾರು ಅಳಿಸ್ತಾರೆ?" ಎಂದು ನನ್ನನ್ನೇ ಕೇಳಿದ.

ಬುಧವಾರ ಬೆಳಿಗ್ಗೆ ಇಗರ್ಜಿಯ ಕಪಾಟಿನಲ್ಲಿದ್ದ ಸಣ್ಣ ರೆಕಾರ್ಡರ್ ನೆನಪಾಯಿತು. ಮೊದಲ ವಾರ ನನ್ನ ಮೈಕ್ ಕೈಕೊಟ್ಟಾಗ ಸ್ವರದ ಮಟ್ಟ ನೋಡಲು ಅದನ್ನು ಮನೆಗೆ ತಂದಿದ್ದೆ. ಆಫೀಸಿಗೆ ಹೋಗದೆ ನೇರ ಅಬು ಹಮೂರಿಗೆ ಹೋದೆ. ಕಾರಿನಲ್ಲಿ ಕೂತು ಅದರ ಕಾರ್ಡ್ ಹುಡುಕಿದರೆ, ಕೊಯಿರಿನ ಹಾಡುಗಳ ಕೆಳಗೆ ಒಂದು ಫೈಲಿತ್ತು. ಮೂರು ನಿಮಿಷ ನಲವತ್ತು ಸೆಕೆಂಡು. ದೇವರೇ, ಒಂದು ಸಾಲಾದರೂ ಇರಲಿ ಎಂದು ಬೇಡಿಕೊಂಡೆ. ಹಿಮದ ಮಾತು ಇರಲಾರದು ಎಂದು ಗೊತ್ತಿದ್ದರೂ, ಅದನ್ನೂ ಬೇಡಿಕೊಂಡೆ.

ಒಂದು ಸಾಲೂ ಇರಲಿಲ್ಲ. ಅದು ರೆಕಾರ್ಡಿಂಗ್ ಶುರುವಾಗುವ ಮೊದಲಿನ ತಯಾರಿ. ಅದರಲ್ಲಿ ಪೂರ್ತಿ ಇದ್ದದ್ದು ನಾನು. ನನ್ನ ಸ್ವರ ಇಷ್ಟು ಒರಟೆಂದು ನನಗೆ ಗೊತ್ತಿರಲಿಲ್ಲ. ನಾನು ಗದರುವುದು, ಜಾಬಿರ್ ಸಾರಿ ಹೇಳುವುದು, ಮತ್ತೆ ನಾನು ಗದರುವುದು. ಕೊನೆಗೆ "ಯಾರೂ ಮಾತಾಡ್ಬೇಡಿ, ಮೂವತ್ತು ಸೆಕೆಂಡ್ ಖಾಲಿ ಕೋಣೆ ಬೇಕು" ಎಂದಿದ್ದೆ. ಕೋಣೆಯ ಬರಿದಾದ ಸದ್ದನ್ನು ಹಾಗೆ ಹಿಡಿದು ಸಾಫ್ಟ್‌ವೇರಿಗೆ ಕೊಟ್ಟರೆ ಅದು ಆ ಸದ್ದನ್ನು ಗುರುತಿಟ್ಟುಕೊಂಡು ಎಲ್ಲ ಕಡೆಯಿಂದ ಒರೆಸಿಹಾಕುತ್ತದೆ. ಆ ಮೂವತ್ತು ಸೆಕೆಂಡಿನಲ್ಲಿ ಕೋಣೆ ಬರಿದಾಗಿರಲಿಲ್ಲ. ಜಾಬಿರ್ ಉಸಿರಾಡುತ್ತಿದ್ದ. ಎಳೆದು, ತಡೆದು, ಮತ್ತೆ ಎಳೆದು.

ಮನೆಗೆ ಬಂದು ಕತ್ತರಿಸಲು ಕೂತೆ. ನನ್ನ ಕೈಗೆ ಬರುವ ವಿದ್ಯೆ ಅದೊಂದೇ. ನನ್ನ ಗದರಿಕೆಗಳನ್ನೆಲ್ಲ ತೆಗೆದೆ. ಉಸಿರನ್ನು ಒರೆಸಿದೆ. ಕೊನೆಯ ಮೂವತ್ತು ಸೆಕೆಂಡನ್ನು ತೆಗೆದೆ. ಹದಿನೆಂಟು ಸೆಕೆಂಡಿನ ಚೊಕ್ಕ ಫೈಲು ಉಳಿಯಿತು, ಬರೇ ಜಾಬಿರನ ಸ್ವರ. ಸಂಜೆ ಬ್ರೆಂಡಾಳಿಗೆ ಕೇಳಿಸಿದೆ. ಅವಳು ಹೆಡ್‌ಫೋನ್ ತೆಗೆದು ನನ್ನ ಮುಖ ನೋಡಿದಳು.

"ಇವರು ಯಾರಿಗೆ ಸಾರಿ ಹೇಳ್ತಾ ಇರುವುದು?"

ನಾನು ಅವಳ ಕೈಯಿಂದ ಹೆಡ್‌ಫೋನ್ ತೆಗೆದುಕೊಂಡೆ.

"ಆ ಮಗು ದೊಡ್ಡದಾದ ಮೇಲೂ ಇದನ್ನು ಕೇಳ್ತದೆ ಯೂಸ್ಟೇಸ್. ನನ್ನ ಉಪ್ಪ ಯಾರಿಗೆ ಸಾರಿ ಹೇಳಿದ್ದು, ಎಂತ ತಪ್ಪು ಮಾಡಿದ್ರು ಅಂತ ಕೇಳ್ತದೆ. ಆಗ ಅವಳಿಗೆ ಹೇಳುವವರು ಯಾರು?" ಎಂದಳು. "ನೀವು ಕತ್ತರಿಸಿದ ಕಡೆ ಎಂತ ಇತ್ತು?"

ಮೂಲ ಫೈಲು ಕಾರ್ಡಿನಲ್ಲಿ ಹಾಗೆಯೇ ಇತ್ತು. ಅದನ್ನು ಅವಳಿಗೆ ಪೂರ್ತಿ ಕೇಳಿಸಿದೆ. ಅವಳು ಎದ್ದು ಅಡಿಗೆಮನೆಗೆ ಹೋಗಿ ಅಕ್ಕಿ ತೊಳೆಯತೊಡಗಿದಳು. ಬಹಳ ಹೊತ್ತು ತೊಳೆದಳು. ಆಮೇಲೆ ಅಲ್ಲಿಂದಲೇ, "ಕೊಡುವುದಾದ್ರೆ ಅದನ್ನೇ ಕೊಡಿ," ಎಂದಳು.

ಕೊಟ್ಟರೆ ಫಾಹಿಮಾಳಿಗೆ ಗೊತ್ತಾಗುತ್ತದೆ. ಅವಳಿಗೆ ಕೇಳಿಸದ್ದು ನನಗೆ ಕೇಳಿಸಿತ್ತು ಎಂದು ನನ್ನ ಬಾಯಿಂದಲೇ ಗೊತ್ತಾಗುತ್ತದೆ. ಕೊಡದಿದ್ದರೆ ಅವಳು ಬದುಕಿಡೀ ತನ್ನ ತಲೆಯನ್ನೇ ಬಡಿದುಕೊಳ್ಳುತ್ತಾಳೆ. ಇಷ್ಟು ಸರಳವಾದದ್ದನ್ನು ತೀರ್ಮಾನಿಸಲು ನನಗೆ ಮರುದಿನ ಬೆಳಗಾಗಬೇಕಾಯಿತು.

ಗುರುವಾರ ಹತ್ತು ಗಂಟೆಗೆ ಸ್ಪೀಕರ್ ಹಿಡಿದುಕೊಂಡು ಮುಐದರಿಗೆ ಹೋದೆ. ಬಾಗಿಲು ತೆಗೆದದ್ದು ಜಾಬಿರನ ತಮ್ಮ ಅಝರ್. ಹಾಲಿನಲ್ಲಿ ಐದು ಪೆಟ್ಟಿಗೆ ಹಗ್ಗ ಕಟ್ಟಿ ಇಟ್ಟಿದ್ದವು. ಗೋಡೆಯಲ್ಲಿ ಟಿವಿ ತೆಗೆದ ಗುರುತು. ಒಳಕೋಣೆಯ ಬಾಗಿಲು ಅರ್ಧ ಮುಚ್ಚಿತ್ತು.

"ಅತ್ತಿಗೆ ಒಳಗೆ ಇದ್ದಾರೆ ಸರ್, ಅವರಿಗೂ ಕೇಳುವ ಹಾಗೆ ಇಡಿ," ಎಂದ ಅಝರ್.

ಅಸೀಫಾ ಬಂದಳು. ಪ್ರಯಾಣಕ್ಕೆಂದು ಹೊಸ ಚೂಡಿದಾರ್ ಹಾಕಿಸಿದ್ದರು. ನನ್ನನ್ನು ನೋಡಿ ನಗಲಿಲ್ಲ. ಸ್ಪೀಕರಿನ ಎದುರು ಬಂದು, ಕೈ ಬೆನ್ನ ಹಿಂದೆ ಕಟ್ಟಿ, ನನ್ನ ಮನೆಯಲ್ಲಿ ನಿಲ್ಲುತ್ತಿದ್ದ ಹಾಗೆಯೇ ನೆಟ್ಟಗೆ ನಿಂತಳು.

"ಇದರಲ್ಲಿ ಪದ್ಯ ಇಲ್ಲ ಮಗಾ," ಎಂದೆ. ನಂತರ ಒಳಕೋಣೆಯ ಬಾಗಿಲಿಗೆ ಕೇಳುವಂತೆ ಹೇಳಿದೆ, "ಉಳಿದದ್ದು ಇಷ್ಟೇ. ಬಾಕಿಯೆಲ್ಲ ನಾನು ಅಳಿಸಿಬಿಟ್ಟೆ. ಇದರಲ್ಲಿ ನಾನು ಅವರನ್ನು ಜೋರು ಮಾಡಿದ್ದುಂಟು. ಕ್ಷಮಿಸಿ."

ಗುಂಡಿ ಒತ್ತಿದೆ. ಆ ಖಾಲಿ ಹಾಲಿನಲ್ಲಿ ಮೊದಲು ತುಂಬಿದ್ದು ನನ್ನ ಸ್ವರ.

"ಜಾಬಿರ್, ನಿಮ್ಮ ಉಸಿರು ಮೈಕಿಗೆ ಬರ್ತಾ ಉಂಟು."

"ಸಾರಿ ಸರ್," ಎಂದ ಜಾಬಿರ್.

"ಸಾರಿ ಸರ್," ಎಂದಳು ಅಸೀಫಾ.

ಅಪ್ಪ ಹೇಳಿದ ಸಾಲನ್ನು ತಿರುಗಿ ಹೇಳುವುದು ಅವಳ ಅಭ್ಯಾಸ. ಅದೇ ಏರಿಳಿತ, ಕೊನೆಯಲ್ಲಿ ಅದೇ ಅಳುಕು. ನಾನು ಕಲಿಸಿದ್ದೇ ಅದನ್ನು. ನಿಲ್ಲಿಸಲು ಕೈ ಚಾಚಿದೆ.

"ಇರ್ಲಿ," ಎಂದಿತು ಬಾಗಿಲ ಹಿಂದಿನ ಸ್ವರ. "ನಿಲ್ಲಿಸ್ಬೇಡಿ."

"ಎರಡು ಹೆಜ್ಜೆ ಹಿಂದೆ ಹೋಗಿ," ಎಂದಿತು ಸ್ಪೀಕರಿನಲ್ಲಿ ನನ್ನ ಸ್ವರ.

"ಆಯ್ತು ಸರ್." "ಆಯ್ತು ಸರ್."

"ಇನ್ನೂ ಬರ್ತಾ ಉಂಟಲ್ಲ ಮಾರಾಯ್ರೆ. ಎಂತ, ಓಡಿಕೊಂಡು ಬಂದದ್ದಾ?"

"ಮೆಟ್ಲು ಹತ್ತಿದ್ದಲ್ವಾ ಸರ್." "ಮೆಟ್ಲು ಹತ್ತಿದ್ದಲ್ವಾ ಸರ್."

"ಮೆಟ್ಲು ಹತ್ತಿ ಅರ್ಧ ಗಂಟೆ ಆಯ್ತು."

"ಸಾರಿ ಸರ್." "ಸಾರಿ ಸರ್."

ಅಝರ್ ಗೋಡೆಯ ಕಡೆ ತಿರುಗಿ ನಿಂತಿದ್ದ. ನಾನು ಎಲ್ಲಿ ನೋಡಬೇಕೆಂದು ತಿಳಿಯದೆ ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿದ್ದ ಜಾಬಿರನ ಹೆಸರನ್ನು ನೋಡುತ್ತಿದ್ದೆ. ಸ್ಪೀಕರಿನಿಂದ ನನ್ನ ಸ್ವರ, ಯಾರೂ ಮಾತಾಡ್ಬೇಡಿ ಎಂದಿತು. ಆಮೇಲೆ ಆ ಮೂವತ್ತು ಸೆಕೆಂಡು ಶುರುವಾಯಿತು.

ಹೇಳಲು ಸಾಲಿರಲಿಲ್ಲ. ಅಸೀಫಾ ಕಾದಳು. ಕುತ್ತಿಗೆ ಸ್ವಲ್ಪ ಮುಂದೆ ಮಾಡಿ ಕೇಳಿಸಿಕೊಂಡಳು. ನಂತರ ಅವಳ ಸಣ್ಣ ಎದೆ ಏರತೊಡಗಿತು. ಎಳೆದು, ತಡೆದು, ಮತ್ತೆ ಎಳೆದು, ಅವಳು ಅಪ್ಪನ ಉಸಿರನ್ನು ತಿರುಗಿ ಹೇಳುತ್ತಿದ್ದಳು.

ಫೈಲು ಮುಗಿಯಿತು. ಎಸಿಯ ಸದ್ದು ಮಾತ್ರ ಉಳಿಯಿತು.

"ಸರ್," ಎಂದಳು ಫಾಹಿಮಾ ಬಾಗಿಲ ಹಿಂದಿನಿಂದ. ಸ್ವರ ಗಟ್ಟಿಯಾಗಿಯೇ ಇತ್ತು. "ಇದು ನಿಮಗೆ ಆವಾಗ್ಲೇ ಕೇಳ್ತಾ ಇತ್ತಾ?"

"ಕೇಳ್ತಾ ಇತ್ತು," ಎಂದೆ. "ಪ್ರತಿ ಶುಕ್ರವಾರ ಕೇಳ್ತಾ ಇತ್ತು."

ಅವಳು ಬೈಯಬೇಕಿತ್ತು. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವಳು ಬಾಗಿಲ ಸಂದಿಯಿಂದ ಮಗಳಿಗೆ ಬ್ಯಾರಿಯಲ್ಲಿ ಏನೋ ಹೇಳಿದಳು. ಅಸೀಫಾ ನನ್ನ ಕಡೆ ತಿರುಗಿದಳು.

"ಅಂಕಲ್, ಉಮ್ಮ ಪುನಃ ಹಾಕ್ಲಿಕ್ಕೆ ಹೇಳ್ತಾರೆ," ಎಂದು, ಎಸಿಯ ರಿಮೋಟ್ ಎತ್ತಿಕೊಂಡು, ಯಾರೂ ಹೇಳದೆಯೇ ಅದನ್ನು ಆಫ್ ಮಾಡಿದಳು. ಮತ್ತೆ ಬಂದು ಸ್ಪೀಕರಿನ ಎದುರು ಕೈ ಕಟ್ಟಿ ನಿಂತಳು. ನಾನು ಮೊದಲಿನಿಂದ ಹಾಕಿದೆ.